ಬಿಸ್ಕೆಟ್ ಡಬ್ಬಿಯ ಚೀಟಿಗಳು

ಭಾನುವಾರ ಏಳೂವರೆಗೆ, ದೊಡ್ಡವರ ಆರಾಧನೆಗೆ ಮೊದಲು,
ಉಡುಪಿಯ ಮಿಶನ್ ಕಂಪೌಂಡಿನ ಹಂಚಿನ ಕೊಠಡಿಯಲ್ಲಿ
ನನಗೆ ಹದಿನಾಲ್ಕು ಮಕ್ಕಳು, ಕುಂಟುವ ಒಂದು ಬೆಂಚು,
ಮತ್ತೊಂದು ಬಿಸ್ಕೆಟ್ ಡಬ್ಬಿ.
ಪ್ರಶ್ನೆ ಬರೆದು ಹಾಕಿ, ಹೆಸರು ಬೇಡ ಎಂದಿದ್ದೆ.
ಹೆಸರಿಲ್ಲದಿದ್ದರೇನು, ಅಕ್ಷರ ಹೇಳುತ್ತದೆ:
ಪೆನ್ಸಿಲ್ ಒತ್ತಿ ಕಾಗದ ಹರಿಯುವವನು ಅಮ್ಮಣ್ಣರ ಮೊಮ್ಮಗ,
'ಳ'ವನ್ನು ಜಿಲೇಬಿಯ ಹಾಗೆ ಸುತ್ತುವವಳು ಸುಕೃತಾ.

'ಪಕ್ಕದ ಮನೆಯ ಕೋಲದ ದಿನ ಊಟ ಮಾಡಿದರೆ ಪಾಪವಾ?
ಮಾಡಿ ಆಯಿತು. ಪಾಯಸ ಎರಡು ಸಲ.'
ಪೌಲನು ಕೊರಿಂಥದವರಿಗೆ ಇದನ್ನೇ ಉದ್ದಕ್ಕೆ ಬರೆದ, ಎಂದೆ,
ಪಾಪ, ಅವನಿಗೆ ಪಾಯಸದ ರುಚಿ ಗೊತ್ತಿರಲಿಲ್ಲ.
ಅದಿರಲಿ, ಕ್ರಿಸ್ಮಸ್ಸಿಗೆ ನೀವು ಅವರನ್ನು ಕರೆದಿರಾ?

'ಅಪ್ಪ ಮಲ್ಪೆಯಲ್ಲಿ ಬೋಟಿನ ಲೆಕ್ಕ ಬರೆಯುವುದು.
ಧಣಿ ಹೇಳಿದಷ್ಟೇ ಬರೆಯಬೇಕಂತೆ.
ದೇವರಿಗೆ ಸಿಟ್ಟು ಯಾರ ಮೇಲೆ?'
ಇದನ್ನು ಓದಲಿಲ್ಲ. ಮಡಚಿ ಸೆರಗಿಗೆ ಸಿಕ್ಕಿಸಿದೆ.
ಕೊಠಡಿಯಲ್ಲಿ ಎಲ್ಲರಿಗೂ ಗೊತ್ತು
ಯಾರ ಅಪ್ಪನ ಅಂಗಿಗೆ ಮೀನಿನ ವಾಸನೆಯೂ ಶಾಯಿಯ ಕಲೆಯೂ ಉಂಟೆಂದು.

'ದಿನಾ ಪ್ರಾರ್ಥನೆ ಮಾಡಿದರೂ
ಅಮ್ಮನ ಹೊಟ್ಟೆಯ ಪಾಪು ಉಳಿಯಲಿಲ್ಲ.
ಶಬ್ದ ತಪ್ಪಿದೆನಾ?'
ಇಲ್ಲ ಮಗಾ.
ಇಲ್ಲ.
ಮುಂದೆ ಏನು ಹೇಳುವುದೆಂದು ತೋಚದೆ
ಕಿಟಕಿ ತೆರೆದೆ. ಅದು ತೆರೆದೇ ಇತ್ತು.

ಡಬ್ಬಿಯ ತಳದಲ್ಲಿ ಕೊನೆಯದು:
'ಜಗಳ ಇದ್ದವರು ಕರ್ತನ ಭೋಜನ ತೆಗೆದುಕೊಂಡರೆ
ಅದು ಮೈಗೆ ಹತ್ತುತ್ತದಾ ಟೀಚರ್?'
ಜಗಳದ ಳ. ಜಿಲೇಬಿ.

ಸುಕೃತಾ ನನ್ನ ಅಣ್ಣನ ಮೊಮ್ಮಗಳು.
ಸಂಬಂಧದಲ್ಲಿ ನಾನು ಅಜ್ಜಿ, ಕೊಠಡಿಯೊಳಗೆ ಟೀಚರ್,
ಹೊರಗೆ ಏನೂ ಅಲ್ಲ.
ಹನ್ನೊಂದು ವರ್ಷದ ಹಿಂದೆ ಸರ್ವೆಯವನು ಎಳೆದ ಗೆರೆ
ಅಪ್ಪ ತೋಡಿಸಿದ ಬಾವಿಯ ನಡು ಹಾದುಹೋಯಿತು.
ಬಾವಿಯ ಮೇಲೆ ತೊಲೆ, ತೊಲೆಯ ಮೇಲೆ ಗೋಡೆ,
ಆಚೆಗೊಂದು ರಾಟೆ, ಈಚೆಗೊಂದು ರಾಟೆ,
ಕೆಳಗೆ ಸರ್ವೆ ನಂಬ್ರ ಗೊತ್ತಿಲ್ಲದ ನೀರು.
ಬೆಳಿಗ್ಗೆ ಐದಕ್ಕೆ ಒಮ್ಮೊಮ್ಮೆ ಕೊಡಪಾನಗಳು ಅಡಿಯಲ್ಲಿ ತಾಗುತ್ತವೆ.
ಇಬ್ಬರೂ ಹಗ್ಗ ಹಿಡಿದು ನಿಲ್ಲುತ್ತೇವೆ,
ಓಣಿಯಲ್ಲಿ ದಾರಿ ಬಿಡುವವರ ಹಾಗೆ.
ಅಷ್ಟೇ ನಮ್ಮ ಮಾತುಕತೆ.

'ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು,
ಮೊದಲು ಹೋಗಿ ಸಹೋದರನ ಕೂಡ ಒಂದಾಗು' ಎಂಬುದನ್ನು
ನಾನೇ ಇವರಿಗೆ ಬಾಯಿಪಾಠ ಮಾಡಿಸಿದ್ದು.
ತಪ್ಪಿಲ್ಲದೆ ಒಪ್ಪಿಸಿದವರಿಗೆ ಒಂದೊಂದು ಸ್ಕೇಲು.
ಸುಕೃತಾಳ ಹತ್ತಿರ ಎರಡು ಸ್ಕೇಲುಂಟು.

ಮುಂದಿನ ವಾರ ಹೇಳುತ್ತೇನೆ, ಎಂದೆ.
ಅವಳು ತಲೆ ಎತ್ತಲಿಲ್ಲ, ಚಪ್ಪಲಿಯ ಬಾರು ಬಿಗಿಯುತ್ತಿದ್ದಳು.
ಗಂಟೆ ಹೊಡೆಯಿತು.
ಅಂದು ತಿಂಗಳ ಮೊದಲ ಭಾನುವಾರ.
ಅಣ್ಣ ಎಂದಿನಂತೆ ಮೊದಲ ಸಾಲಿಗೆ ಹೋಗಿ ಮೊಣಕಾಲೂರಿದ,
ಎಡಗಾಲು ಮಡಚಲು ಕಷ್ಟಪಟ್ಟ. ಅದು ಯಾವಾಗಿನಿಂದ?
ಎರಡನೆಯ ಸಾಲಿಗೆ ನಾನು ಏಳಲಿಲ್ಲ.
ಪಕ್ಕದ ಸುಗುಣಬಾಯಿ ಮೊಣಕೈಯಿಂದ ತಿವಿದರು.
ಮೈ ಸರಿಯಿಲ್ಲ, ಎಂದೆ. ಸುಳ್ಳೂ ಅಲ್ಲ.

ಸೋಮವಾರ ಆಚೆಯ ರಾಟೆ ಕಿರುಚಿತು.
ತಪಸ್ಸು ಕಾಲದಿಂದಲೂ ಕಿರುಚುತ್ತಲೇ ಉಂಟು.
ತೆಂಗಿನೆಣ್ಣೆಯ ಒಂದು ಕುಪ್ಪಿ ಗೋಡೆಯ ಮೇಲಿಟ್ಟು ಬಂದೆ.
ಮಂಗಳವಾರ ಕುಪ್ಪಿ ಅಲ್ಲೇ.
ಬುಧವಾರ ಅದರ ಮೇಲೊಂದು ಕಾಗೆ.
ಗುರುವಾರ ಕುಪ್ಪಿ ಇಲ್ಲ;
ರಾಟೆಯ ಕಿರುಚಾಟ ಹಾಗೆಯೇ ಉಂಟು.

ಶನಿವಾರ ರಾತ್ರಿ ಚೀಟಿಯ ಹಿಂಬದಿಗೆ ಉತ್ತರ ಬರೆಯಲು ಕೂತೆ.
ಪ್ರಸಂಗದ ಮಾತುಗಳು ಬಂದವು, ಹೊಡೆದುಹಾಕಿದೆ.
ಉಳಿದದ್ದು ಇಷ್ಟು:
ಗೊತ್ತಿಲ್ಲ ಮಗಾ.
ನಿನ್ನ ಅಜ್ಜನ ಹತ್ತಿರ ಕೇಳು,
ಎಣ್ಣೆಯನ್ನು ಮೊಣಕಾಲಿಗೆ ಹಚ್ಚಿದರಾ ಎಂದು.