ಐದು ಪೆಸೊಗೆ ಒಂದು ಹಾಡು

ಮಾಂದಾವೆಯ ನಮ್ಮ ಓಣಿಯಲ್ಲಿ ಒಣಮೀನಿನ ಅಂಗಡಿ ದಾಟಿ
ಎಡಕ್ಕೆ ಹೊರಳಿದರೆ ಮೂರನೆಯ ತಗಡಿನ ಮಾಡು ನಮ್ಮದು.
ಮುಂದೆ ಕಿರಾಣಿ, ಹಿಂದೆ ನಾವು,
ನಡುವೆ ಚಕ್ರ ಹಚ್ಚಿದ ಬೀರುವಿನಂಥ ಹಾಡಿನ ಯಂತ್ರ.
ಅವ್ವ ಅದನ್ನು ಕಂತಿನ ಮೇಲೆ ತಂದಿದ್ದಳು.
ಅಪ್ಪನಿಗೆ ತಿಳಿಸಿದ್ದು ಎರಡನೆಯ ಕಂತಿನ ದಿನ.

ಐದು ಪೆಸೊ ನುಂಗಿದರೆ ಒಂದು ಹಾಡು.
ಜೊತೆಗೊಂದು ದಪ್ಪ ಪುಸ್ತಕ, ಎಣ್ಣೆಗೈ ತಾಗಿ ತಾಗಿ
ಆಚೆಬದಿ ಕಾಣುವ ಹಾಳೆ.
ಹಾಡಿಗೆ ಹೆಸರಿಗಿಂತ ನಂಬರೇ ಮುಖ್ಯ.
ಬ್ಯಾಂಕಿನ ಗುಟ್ಟಂಕಿ ಈಗಲೂ ಮರೆಯುತ್ತೇನೆ,
ನೊಂಗ್ ಎಲ್ಪಿಡಿಯೊನ ಹಾಡು ಮಾತ್ರ ಬೆರಳಲ್ಲೇ ಇದೆ:
ನಾಲ್ಕು, ಸೊನ್ನೆ, ಏಳು, ಏಳು, ಎರಡು.

ಅವನು ಮೂರುಗಾಲಿಯ ಗಾಡಿ ಓಡಿಸುವವನು.
ಶ್ರುತಿ ಅವನ ಪಾಲಿಗೆ ಆ ಗಾಡಿಯ ಹಿಂದಿನ ಬ್ರೇಕು,
ಇದೆ ಎಂಬ ನಂಬಿಕೆ, ಅಷ್ಟೆ.
ಯಂತ್ರ ಅವನಿಗೆ ನೂರಕ್ಕೆ ತೊಂಬತ್ತೆಂಟು ಕೊಟ್ಟಿತು.
ಇಗರ್ಜಿಯಲ್ಲಿ ಮೊದಲ ಸಾಲಿನಲ್ಲಿ ನಿಂತು ಹಾಡುವ
ಪುರಿಫಿಕಾಸಿಯೋನ್‌ಗೆ ಅರವತ್ತೊಂದು.
ಆಕೆ ಮೂರು ವಾರ ನಮ್ಮಲ್ಲಿ ಸಾಬೂನು ಕೊಳ್ಳಲಿಲ್ಲ.

ಇನ್ನು ಆ ಪರದೆ.
ಹಾಡು ಯಾವುದೇ ಇರಲಿ, ಹಿಂದೆ ಅದೇ ಚಳಿಸೀಮೆಯ ಕೆರೆ.
ಕೆಂಪು ಕೋಟಿನ ಹೆಂಗಸೊಬ್ಬಳು ದಂಡೆಗುಂಟ ನಡೆಯುತ್ತಾಳೆ,
ನಿಲ್ಲುತ್ತಾಳೆ,
ಬಾತುಕೋಳಿಗಳತ್ತ ಏನೋ ಎಸೆಯುತ್ತಾಳೆ.
ಪ್ರೀತಿ ಮುರಿದವರ ಹಾಡಿಗೂ ಆಕೆ, ಕ್ರಿಸ್‌ಮಸ್ಸಿಗೂ ಆಕೆ,
ಸಂಬಳದ ರಾತ್ರಿ ಗಂಡಸರು ಮೇಜು ಬಡಿದು ಅರಚುವಾಗಲೂ
ಆಕೆಯೇ, ಅದೇ ಬಾತು.
ಅಕ್ಷರಗಳು ಹಳದಿಗೆ ತಿರುಗುತ್ತ ತಿರುಗುತ್ತ
ಅವಳ ಮುಖ ತುಳಿದು ಹೋಗುತ್ತಿದ್ದವು.
ನಾವು ಮಕ್ಕಳು ಅವಳಿಗೆ ಹೆಸರಿಟ್ಟೆವು, ಮಿಸ್ ಎಲ್ವೀರಾ.
ಗಂಡ ಕೆರೆಗೆ ಬಿದ್ದಿದ್ದಾನೆ, ಅಂದಳು ತಂಗಿ.
ಇಲ್ಲ, ಬಸ್ಸು ತಪ್ಪಿದೆ, ಅಂದೆ ನಾನು.
ಇದಕ್ಕಾಗಿ ಜಡೆ ಹಿಡಿದು ಜಗಳಾಡಿದ್ದೂ ಉಂಟು.

ಹತ್ತಕ್ಕೆ ಯಂತ್ರ ಮುಚ್ಚಬೇಕೆಂದು ವಾರ್ಡಿನ ಕಟ್ಟಳೆ.
ಹತ್ತೂವರೆಗೆ ವಾರ್ಡಿನ ಮುಖಂಡನೇ ಬಂದು ಮೈಕು ಕೇಳುತ್ತಿದ್ದ.
ಸತ್ತವರ ಮನೆಗೂ ಅದು ಉರುಳಿಕೊಂಡು ಹೋಗುತ್ತಿತ್ತು,
ಅರ್ಧ ಬಾಡಿಗೆಗೆ. ಪೆಟ್ಟಿಗೆಯ ಪಕ್ಕ ಇಸ್ಪೀಟು,
ಬಿಸ್ಕತ್ತು, ಸಕ್ಕರೆ ಹೆಚ್ಚಾದ ಕಾಫಿ.
ಎಲ್ಪಿಡಿಯೊ ತೀರಿದ ರಾತ್ರಿ ಪುರಿಫಿಕಾಸಿಯೋನ್ ಎದ್ದು
ಅವನ ನಂಬರು ಒತ್ತಿ
ಬೇಕೆಂದೇ ಅವನ ಹಾಗೆ ಹಾಡಿದಳು,
ಅವನು ಎಡವುವಲ್ಲೆಲ್ಲ ಎಡವಿ, ಅವನು ಓಡುವಲ್ಲಿ ಓಡಿ.
ಯಂತ್ರ ಎಪ್ಪತ್ತನಾಲ್ಕು ಎಂದಿತು.
ಯಂತ್ರಕ್ಕೇನು ಗೊತ್ತು.

ಅವ್ವನ ಗಂಟಲ ಗಡ್ಡೆ ತೆಗೆದ ವರ್ಷ
ದನಿಯೂ ಅದರ ಜೊತೆಗೇ ಹೋಯಿತು.
ಕೈಸನ್ನೆಯಲ್ಲೇ ಅಕ್ಕಿ ಅಳೆದಳು, ಸಾಲಗಾರರನ್ನು ಬೈದಳು,
ಬೈಗುಳ ಮೊದಲಿಗಿಂತ ಚೆನ್ನಾಗಿ ತಲುಪುತ್ತಿತ್ತು.
ಒಂದು ಮಧ್ಯಾಹ್ನ, ಓಣಿ ತೂಕಡಿಸುವ ಹೊತ್ತು,
ಗಲ್ಲದಿಂದ ಐದು ಪೆಸೊ ತೆಗೆದು
ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿಗೆ ಬರೆದು
ಯಂತ್ರಕ್ಕೆ ಹಾಕಿದಳು. ಮೈಕು ಮಡಿಲಲ್ಲಿ.
ಸಾಲುಗಳು ಹಳದಿಯಾಗಿ ಹಳದಿಯಾಗಿ ಅಳಿದವು.
ಯಾರದೋ ಹುಂಜ ಕೂಗಿತು. ಯಾರೋ ಕೊಡ ಇಳಿಸಿದರು.
ಕೊನೆಗೆ ತುತ್ತೂರಿ ಮೊಳಗಿ ಬಂತು ಅಂಕ:
ಎಂಬತ್ತೇಳು.
ಅವ್ವ ನಕ್ಕಳು, ಸದ್ದಿಲ್ಲದೆ,
ಹೆಗಲೆರಡೂ ಕುಣಿಯುವ ಹಾಗೆ.
ನನ್ನ ಕಡೆ ತಿರುಗಿ ಎಂಟು ಬೆರಳು ಎತ್ತಿದಳು, ಆಮೇಲೆ ಏಳು,
ಅಪ್ಪನಿಗೆ ಹೇಳು ಎಂಬಂತೆ.

ಯಂತ್ರ ಈಗ ತಾಲಿಸಾಯ್‌ನಲ್ಲಿದೆಯಂತೆ, ಕೋಳಿಗೂಡಾಗಿ.
ಪರದೆಯ ಕಿಂಡಿಯಲ್ಲಿ ಹೇಂಟೆ ಕೂತು ರಸ್ತೆ ನೋಡುತ್ತದಂತೆ.

ಸಂಜೆಯ ಜೀಪ್ನಿ ತಪ್ಪಿದಾಗಲೆಲ್ಲ ನಾನು
ಚರಂಡಿಗುಂಟ ನಾಲ್ಕು ಹೆಜ್ಜೆ ನಡೆಯುತ್ತೇನೆ,
ನಿಲ್ಲುತ್ತೇನೆ,
ಚೀಲದಲ್ಲುಳಿದ ಬ್ರೆಡ್ಡಿನ ಚೂರು ಗುಬ್ಬಿಗಳತ್ತ ಎಸೆಯುತ್ತೇನೆ.
ಎಲ್ಲೋ ಯಾರೋ ನನ್ನ ಮುಖದ ಮೇಲೆ ಸಾಲು ಹಾಯಿಸುತ್ತ
ಅಪಸ್ವರದಲ್ಲಿ ಹಾಡುತ್ತಿರಬಹುದು.
ನೋಡು, ಬಸ್ಸೇ ತಪ್ಪಿದ್ದು, ಎಂದು ತಂಗಿಗೆ ಬರೆದೆ.
ಒಪ್ಪಲಿಲ್ಲ.
ಕೆರೆಯಲ್ಲಿ ಸರಿಯಾಗಿ ಹುಡುಕು, ಅಂದಳು.