ಎರಡೂವರೆ ಇಂಚು

ಮೂರನೇ ಗೇಟು ದಾಟಿ, ಉದ್ಯಮಬಾಗಿನ ಒಳಗಲ್ಲಿಗೆ
ಓಂಕಾರ ಕಾಕತಕರ ಕಾರು ತಂದಾಗ
ಫೌಂಡ್ರಿಯ ಎರಡನೇ ಪಾಳಿ ಇನ್ನೂ ಬಿಟ್ಟಿರಲಿಲ್ಲ.
ಇಳಿಯುವ ಮೊದಲೇ ಅಂದ:
"ಮೂರಿಂಚು ಹಾಕ್ರಿ. ಹಿಂದ ಮುಂದ ಎಲ್ಲಾ ಮೂರಿಂಚು."

ದಸ್ತಗೀರ ಮೇಸ್ತ್ರಿ ಮಾತಾಡಲಿಲ್ಲ.
ನನ್ನ ಕಡೆ ಕೈ ಚಾಚಿದರು, ವರ್ನಿಯರ್ ಕೊಟ್ಟೆ.
ಬಾನೆಟ್ ಎತ್ತಿ
ಬಸವನಹುಳದ ಹಾಗೆ ಸುತ್ತಿಕೊಂಡ ಟರ್ಬೋದ ಬಾಯಿ ಅಳೆದರು:
ನಲವತ್ತೆರಡು ಮಿಲಿಮೀಟರು.
ಕಿರುಬೆರಳಿಂದ ರೆಕ್ಕೆ ಮುಟ್ಟಿದರು.
ತಿರುಗಿತು ಅದು, ಸದ್ದಿಲ್ಲದೆ,
ನಿಲ್ಲುವ ಮನಸ್ಸೇ ಇಲ್ಲದ ಹಾಗೆ.

"ಎಂಜಿನ್ ಎಷ್ಟರದು?"
"ಒನ್ ಪಾಯಿಂಟ್ ಟೂ."
"ಮತ್ತ ಮೂರಿಂಚು ಯಾಕ?"
"ಆವಾಜ್..." ಅಂದ ಹುಡುಗ,
ಅಂದಮೇಲೆ ಬೂಟಿನ ತುದಿ ನೋಡಿದ.

ಎಣ್ಣೆ ಕುಡಿದ ನೆಲದ ಮೇಲೆ ಸೀಮೆಸುಣ್ಣದ ಗೆರೆ.
ಇಲ್ಲಿ ಗಾಳಿ ಬರುವುದು, ಇಲ್ಲಿ ಹೊಗೆ ಹೋಗುವುದು,
ನಡುವೆ ಒಂದು ಸೊನ್ನೆ.
"ಇಂವಾ ಬಿಟ್ಟ ಉಸಿರಿನ ಮ್ಯಾಲ ಬದುಕಾಂವ.
ಎಂಜಿನ್ ಸುಟ್ಟು ಒಗದಿದ್ದ ಇವನ ಹೊಟ್ಟಿಗಿ ಹಿಟ್ಟು.
ಇವನ ಬೆನ್ನ ಹಿಂದ ದಾರಿ ದೊಡ್ಡದಿರಲಿ, ಎರಡೂವರೆ.
ಹೋಗೂದು ಹೋಗಲಿ, ತಡೀಬಾರದು.
ಮುಂದ ಎಂಜಿನ್ನಿಗಿ ಹೋಗೂ ಪೈಪ್ ಮಾತ್ರ ಎರಡು.
ನಾಕ ಮಂದಿ ಮನ್ಯಾಗ
ನಲವತ್ತ ಮಂದಿ ಗಡಗಿ ಒಲಿ ಮ್ಯಾಲ ಇಟ್ಟರ
ಎಸರ ಕಾಯೂದ್ರಾಗ ಹಸಿವು ಸತ್ತಿರತೈತಿ."

"ನಮ್ಮ ದೋಸ್ತಂದು ಮೂರಿಂಚು ಐತ್ರಿ."
"ಅವಂದು ಎರಡು ಲೀಟರ. ಅವನ ಅಂಗಿ ಅವಗ."

ರಾತ್ರಿ ಕೂತು ಬೆಸೆದೆ.
ಮೂರು ಮೊಣಕೈ ಇದ್ದಲ್ಲಿ ಎರಡಕ್ಕೆ ತಂದೆ,
ತಿರುವು ತಿರುವಿಗೂ ಗಾಳಿ ಸುಂಕ ಕಟ್ಟುತ್ತದೆ.
ಕೊಳವೆಯೊಳಗೆ ಆರ್ಗಾನ್ ತುಂಬಿ
ಒಳಮೈಯ ಹೊಲಿಗೆಯನ್ನೂ ನುಣುಪು ಮಾಡಿದೆ.
ಅದನ್ನು ಯಾರೂ ನೋಡುವುದಿಲ್ಲ.
ಗಾಳಿ ನೋಡುತ್ತದೆ.

ಮುಗಿದ ಪೈಪನ್ನು ತುಟಿಗಿಟ್ಟು ಊದಿ ನೋಡುವುದು
ಮೇಸ್ತ್ರಿಯ ಹಳೆಯ ಚಾಳಿ.
ಅಂದು ಎತ್ತಿಕೊಂಡರು, ಎದೆ ತುಂಬಿಕೊಳ್ಳಲು ನೋಡಿದರು;
ಇಪ್ಪತ್ತೆರಡು ವರ್ಷ ಅಚ್ಚಿಗೆ ಬಡಿದ ಮರಳು
ನಡುವೆ ಎಲ್ಲೋ ಅಡ್ಡ ನಿಂತಿತು.
ಕೆಮ್ಮು ಮುಗಿಯುವ ತನಕ ಕಾದೆ.
"ನೀನ ಊದವಾ," ಅಂದರು.

ಊದಿದೆ.
ಆ ತುದಿಗೆ ಅಂಗೈ ಅಲ್ಲ, ಕೆನ್ನೆ ಒಡ್ಡಿ ಕೂತಿದ್ದರು,
ಕಣ್ಣು ಮುಚ್ಚಿ.
ಬಹಳ ಹೊತ್ತಾದ ಮೇಲೆ
"ಬಂತು," ಅಂದರು.

ಸೋಮವಾರ ಓಂಕಾರ ಬಂದ.
"ಚೋರ್ಲಾ ಘಾಟಿನ ಏರಿನಾಗ ಗೇರ್ ಇಳಸಲೇ ಇಲ್ರಿ!
ಆವಾಜ್ ಮಾತ್ರ ಏನೂ ಇಲ್ಲ ನೋಡ್ರಿ."
ಐನೂರು ರೂಪಾಯಿ ಬಾಕಿ ಇಟ್ಟೇ ಹೋದ.

ಅವನೇ ಕೊಂಡು ತಂದಿದ್ದ ಮೂರಿಂಚಿನ ತುಂಡು
ಇನ್ನೂ ಮೂಲೆಯಲ್ಲಿದೆ.
ಅದರಲ್ಲಿ ವೆಲ್ಡಿಂಗ್ ಕಡ್ಡಿ ನಿಲ್ಲಿಸಿದ್ದೇನೆ.