ನಾಯಿ ಹಿಡಿಯಿರಿ

ಜಾವ್ಖಾನಿನ ಬಯಲಲ್ಲಿ ಡೇರೆಯ ಕದ ತಟ್ಟುವುದಿಲ್ಲ.
ದೂರದಿಂದಲೇ ಕೂಗಬೇಕು: ‘ನೊಖೊಯ್ ಖೋರ್!’
ನಾಯಿ ಹಿಡಿಯಿರಿ ಅಂತ.
ನಾಯಿ ಇರಲಿ, ಇಲ್ಲದಿರಲಿ,
ಅದೇ ನಮಸ್ಕಾರ, ಅದೇ ಕರೆಗಂಟೆ.

ದುಲ್ಮಾಳ ಬಾಸರ್ ಸತ್ತದ್ದು ಮೊದಲ ಹಿಮ ಬಿದ್ದ ವಾರ.
ಇಲ್ಲಿ ಕುದುರೆಗೆ ಬಣ್ಣವೇ ಹೆಸರು, ಕಂದು, ಬೂದು;
ನಾಯಿಗೆ ಮಾತ್ರ ಮನುಷ್ಯರ ಹಾಗೆ
ಹೆಸರಿಟ್ಟು ಕರೆಯುತ್ತಾರೆ.
ಗುಡ್ಡಕ್ಕೆ ಹೊತ್ತು, ಬಾಯಿಗೊಂದು ಚೂರು ಕೊಬ್ಬಿಟ್ಟು,
ಬಾಲ ಕತ್ತರಿಸಿ ತಲೆದಿಂಬು ಮಾಡಿದಳು,
ಮುಂದಿನ ಸಲ ಮನುಷ್ಯನಾಗಿ ಹುಟ್ಟಲೆಂದು.

(ನಾವು ಡೊಂಕು ಡೊಂಕೆಂದು
ಒಂದಿಡೀ ಗಾದೆ ಕಟ್ಟಿ ಆಡಿಕೊಂಡ ಬಾಲ.)

ಕುರಿಗಳಿಗೆ ಸೂಜಿ ಚುಚ್ಚುವ ಗಾಲ್ಸನ್
ಬೈಕು ನಿಲ್ಲಿಸಿ, ಎಲ್ಲ ಗೊತ್ತಿದ್ದೂ, ಕೂಗುತ್ತಾನೆ:
ನಾಯಿ ಹಿಡಿಯಿರಿ!
ಒಳಗೆ ಹಾಲು ಕಾಯಿಸುತ್ತಿದ್ದ ಕೈ
ಸೌಟು ಬಿಟ್ಟು, ಬರೀ ಗಾಳಿಯಲ್ಲಿ,
ಕೊರಳಪಟ್ಟಿಯ ಎತ್ತರಕ್ಕೆ ಇಳಿಯುತ್ತದೆ.

‘ಹಿಡಿದಿದ್ದೇನೆ, ಬಾ.’

ಅವನೂ
ಬಾಗಿಲ ಎಡಕ್ಕೆ ಅದು ಮಲಗುತ್ತಿದ್ದ ಜಾಗವನ್ನು
ತುಳಿಯದೆ, ಸುತ್ತಿ,
ಒಳಗೆ ಬರುತ್ತಾನೆ.